ಕೆಂಪು ಶಾಯಿ ಸುತ್ತಿದ್ದು ಬೇರೆ ಅಂಕಿಗೆ

ಹೋದ ವರ್ಷ ಎರಡೂವರೆ ತಿಂಗಳ ಗರ್ಭಿಣಿಯೊಬ್ಬರು ಗಂಡನೊಂದಿಗೆ ಬಂದರು. ಫೈಲಿನಲ್ಲಿ ಏಳು ವರದಿಗಳು. ಏಳರಲ್ಲೂ ಟಿಪಿಒ ಆ್ಯಂಟಿಬಾಡಿಯ (ದೇಹ ತನ್ನದೇ ಥೈರಾಯ್ಡ್ ಗ್ರಂಥಿಯ ವಿರುದ್ಧ ತಯಾರಿಸುವ ಪ್ರತಿಕಾಯ) ಅಂಕಿಗೆ ಗಂಡ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ‘640 ಇದ್ದದ್ದು 580ಕ್ಕೆ ಇಳಿದಿದೆ ಡಾಕ್ಟರೇ. ಪೂರ್ತಿ ಇಳಿಯುವುದಕ್ಕೆ ಏನು ಮಾಡಬೇಕು?’

ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ ಹಾರ್ಮೋನು; ಗ್ರಂಥಿ ಸೋತಾಗ ಇದು ಏರುತ್ತದೆ) ಕೊನೆಯ ಬಾರಿ ನೋಡಿಸಿದ್ದು ಯಾವಾಗ ಎಂದು ಕೇಳಿದೆ. ಗರ್ಭ ನಿಲ್ಲುವುದಕ್ಕೂ ಮೊದಲು!

ಈ ಮಾತನ್ನು ವಾರಕ್ಕೆರಡು ಬಾರಿಯಾದರೂ ಹೇಳುತ್ತೇನೆ, ಇಲ್ಲಿಯೂ ಹೇಳಿಬಿಡುತ್ತೇನೆ: ಆ್ಯಂಟಿಬಾಡಿ ಇಳಿಸಬೇಕಾದ ಅಂಕಿಯಲ್ಲ. 290 ಇದ್ದವರಿಗಿಂತ 580 ಇದ್ದವರಿಗೆ ಅಪಾಯ ಇಮ್ಮಡಿ ಎಂದು ಲೆಕ್ಕ ಹಾಕಲಾಗದು. ಬಸುರಿನಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಹೆರಿಗೆಯ ಬಳಿಕ ಮತ್ತೆ ಏರುತ್ತದೆ. ಆ ದಂಪತಿ ಹಿಗ್ಗಿದ್ದು ಪ್ರಕೃತಿ ಪುಕ್ಕಟೆಯಾಗಿ ಮಾಡಿಕೊಟ್ಟ ಕೆಲಸಕ್ಕೆ.

ಹಾಗಾದರೆ ಅದು ಹೇಳುವುದೇನು? ನಿಮ್ಮ ಥೈರಾಯ್ಡ್ ಒರತೆ ಕಡಿಮೆಯಾದ ಬಾವಿ ಎಂದು. ಮನೆಯವರಿಗಷ್ಟೇ ಸೇದುವಾಗ ಕೊರತೆ ಕಾಣದು. ನೆಂಟರು ಬಂದಾಗ ತಳ ಕಾಣುತ್ತದೆ. ಗರ್ಭಿಣಿಯ ಗ್ರಂಥಿ ಸುಮಾರು ಒಂದೂವರೆ ಪಟ್ಟು ದುಡಿಯಬೇಕು, ಏಕೆಂದರೆ ಮೊದಲ ಮೂರು ತಿಂಗಳು ಮಗು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಆದ್ದರಿಂದ ಆ್ಯಂಟಿಬಾಡಿ ಇದೆಯೆಂದು ಒಮ್ಮೆ ತಿಳಿದರೆ ಸಾಕು. ಆಮೇಲೆ ನೋಡಬೇಕಾದದ್ದು ಟಿಎಸ್‌ಎಚ್, ಅದೂ ಐದು ತಿಂಗಳು ತುಂಬುವವರೆಗೆ ನಾಲ್ಕು ವಾರಕ್ಕೊಮ್ಮೆ.

ಆ್ಯಂಟಿಬಾಡಿ ಇರುವವರಲ್ಲಿ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ ತುಸು ಹೆಚ್ಚು ಎಂಬುದು ನಿಜ. ಹಾಗೆಂದು ಎಲ್ಲರಿಗೂ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಅಂದರೆ ಲೆವೋಥೈರಾಕ್ಸಿನ್, ಕೊಟ್ಟರೆ ಫಲವಿದೆಯೇ? ಬ್ರಿಟನ್ನಿನಲ್ಲಿ ಆ್ಯಂಟಿಬಾಡಿ ಇದ್ದೂ ಟಿಎಸ್‌ಎಚ್ ಸರಿಯಿದ್ದ 900ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಗರ್ಭಧಾರಣೆಗೆ ಮುಂಚಿನಿಂದಲೇ 50 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್ ನುಂಗಿದವರಲ್ಲೂ ಹುಸಿಮಾತ್ರೆ ನುಂಗಿದವರಲ್ಲೂ ಮಗು ಕಂಡವರು ಹೆಚ್ಚುಕಡಿಮೆ ಅಷ್ಟೇ, ನೂರಕ್ಕೆ 37-38 ಮಂದಿ. ಟಿಎಸ್‌ಎಚ್ 4 ದಾಟಿದರೆ ಮಾತು ಬೇರೆ. ಸಾಮಾನ್ಯವಾಗಿ ಮಾತ್ರೆ ಬೇಕಾಗುತ್ತದೆ. 2.5ರಿಂದ 4ರ ನಡುವೆ ಇದ್ದರೆ ನಿಮ್ಮ ಚರಿತ್ರೆ ಬಲ್ಲ ವೈದ್ಯರೇ ತೀರ್ಮಾನಿಸಬೇಕು, ಅಂಕಣ ಬರೆಯುವ ನಾನಲ್ಲ.

ಇನ್ನು ಮೊದಲೇ ಮಾತ್ರೆ ನುಂಗುತ್ತಿದ್ದವರು ‘ಬಸುರಿನಲ್ಲಿ ಔಷಧ ಬೇಡ’ ಎಂದು ನಿಲ್ಲಿಸಿಬಿಡುವುದುಂಟು. ದಯವಿಟ್ಟು ಬೇಡ. ಅವರಿಗೆ ಬಹುಪಾಲು ಕಾಲು ಭಾಗದಷ್ಟು ಹೆಚ್ಚಿಸಲೇಬೇಕಾಗುತ್ತದೆ. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಅಂದು ಆಕೆಯ ಟಿಎಸ್‌ಎಚ್ 7 ದಾಟಿತ್ತು. ಮಾತ್ರೆ ಶುರು ಮಾಡಿದೆವು, ತಿಂಗಳಲ್ಲಿ ಹತೋಟಿಗೆ ಬಂತು, ಹೆರಿಗೆಯೂ ಸುಸೂತ್ರವಾಯಿತು. ಆ್ಯಂಟಿಬಾಡಿ ಇರುವವರಲ್ಲಿ ಮೂರರಲ್ಲೊಬ್ಬರಿಗಾದರೂ ಬಾಣಂತನದಲ್ಲಿ ಥೈರಾಯ್ಡ್ ಮತ್ತೆ ಏರುಪೇರಾಗುತ್ತದೆ. ಅದಕ್ಕೇ ಮೂರನೆಯ ತಿಂಗಳಿಗೆ ಬನ್ನಿ ಎಂದು ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದುಕೊಟ್ಟಿದ್ದೆ. ಬಂದದ್ದು ಏಳನೆಯ ತಿಂಗಳಿಗೆ: ಮೈಯೆಲ್ಲ ಭಾರ, ಬಾಚಣಿಗೆ ತುಂಬ ಕೂದಲು. ಗಂಡನ ಕೈಯಲ್ಲಿ ಆ್ಯಂಟಿಬಾಡಿಯ ಎಂಟನೆಯ ವರದಿ.