ಸೋಲಾರ್ ಕರೆಂಟಿನ ಹೊಗೆ ಲೆಕ್ಕ: ಅಂಕಿಗಳು ಯಾಕೆ ತಾಳೆಯಾಗುವುದಿಲ್ಲ?

ಸೋಲಾರ್ ಬಗ್ಗೆ ಎರಡು ಮಾತು ಓಡಾಡುತ್ತಿವೆ. ಅದರಿಂದ ಮಾಲಿನ್ಯವೇ ಇಲ್ಲ ಅನ್ನುವುದು ಒಂದು. ಪ್ಯಾನಲ್ ತಯಾರಿಗೆ ಹಿಡಿದಷ್ಟು ಕರೆಂಟನ್ನು ಅದು ಆಯುಷ್ಯಪೂರ್ತಿ ದುಡಿದರೂ ವಾಪಸ್ ಕೊಡುವುದಿಲ್ಲ ಅನ್ನುವುದು ಇನ್ನೊಂದು. ಎರಡೂ ತಪ್ಪು. ಆದರೆ ಎರಡಕ್ಕೂ ಪುರಾವೆ ಅಂತ ತೋರಿಸಲು ಯಾವುದೋ ಒಂದು ಅಂಕಿ ಸಿಕ್ಕೇ ಸಿಗುತ್ತದೆ.

ಒಂದು ವಸ್ತುವಿನ ಲೆಕ್ಕವನ್ನು ಗಣಿಯಿಂದ ಗುಜರಿವರೆಗೆ ಹಾಕುವ ಪದ್ಧತಿ 1969ರಲ್ಲಿ ಅಮೆರಿಕದಲ್ಲಿ ಕೋಕಾ-ಕೋಲಾ ಬಾಟಲಿ, ಡಬ್ಬಿಗಳಿಗಾಗಿ ಶುರುವಾಯಿತು. 1973ರ ತೈಲ ಬಿಕ್ಕಟ್ಟು ಅದನ್ನು ಇಂಧನದ ಕಡೆ ತಿರುಗಿಸಿತು, 1997ರಲ್ಲಿ ಈ ಲೆಕ್ಕಕ್ಕೆ ಐಎಸ್‌ಒ 14040 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂತು. ಈಗ ಎಲ್ಲರೂ ಹೇಳುವ ಅಂಕಿಗಳು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿಯ 2014ರ ವರದಿಯವು. ಒಂದು ಯೂನಿಟ್ ಕರೆಂಟಿಗೆ ಕಲ್ಲಿದ್ದಲಿನಿಂದ 820 ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ, ದೊಡ್ಡ ಸೋಲಾರ್ ಪಾರ್ಕಿನಿಂದ 48, ಜಲವಿದ್ಯುತ್ತಿನಿಂದ 24, ನೆಲದ ಮೇಲಿನ ಗಾಳಿಯಂತ್ರದಿಂದ 11.

ಇವು ನಡುಮಟ್ಟದ ಅಂಕಿಗಳು ಅಷ್ಟೆ. ಅದೇ ಪಟ್ಟಿಯಲ್ಲಿ ಜಲವಿದ್ಯುತ್ತಿನ ಗರಿಷ್ಠ ಅಂಕಿ 2,200! ಕಾಡು ಜಾಸ್ತಿ ಮುಳುಗಿ, ಕರೆಂಟು ಕಮ್ಮಿ ಬಂದರೆ, ನೀರಡಿ ಕೊಳೆಯುವ ಗಿಡಮರಗಳ ಮೀಥೇನ್ ಅಣೆಕಟ್ಟನ್ನು ಕಲ್ಲಿದ್ದಲಿಗಿಂತ ಕೆಟ್ಟದ್ದಾಗಿಸಬಲ್ಲದು.

ಸೋಲಾರ್ ಲೆಕ್ಕದ ಗೋಜಲು ಬೇರೆ ತರಹದ್ದು. ಬಿಸಿಲು ಬಿದ್ದಾಗ ಪ್ಯಾನಲ್ ಏನೂ ಸುಡುವುದಿಲ್ಲ. ಸುಡುವುದೆಲ್ಲ ಅದಕ್ಕೂ ಮೊದಲು. ಬೆಣಚುಕಲ್ಲನ್ನು ಕುಲುಮೆಯಲ್ಲಿ ಕರಗಿಸಬೇಕು, ಬಂದ ಸಿಲಿಕಾನನ್ನು 1,000 ಡಿಗ್ರಿಗೂ ಜಾಸ್ತಿ ಶಾಖದಲ್ಲಿ ಶುದ್ಧ ಮಾಡಬೇಕು. ಆ ಕಾರ್ಖಾನೆಗೆ ಕರೆಂಟು ಎಲ್ಲಿಂದ ಬರುತ್ತದೆ? ಜಗತ್ತಿನ ಬಹುಪಾಲು ಪ್ಯಾನಲ್ ತಯಾರಾಗುವ ಚೀನಾದಲ್ಲಿ ಹೆಚ್ಚಾಗಿ ಕಲ್ಲಿದ್ದಲಿನಿಂದ. ನೀರಿನ ಕರೆಂಟು ಬಳಸಿದರೆ ಅದೇ ಪ್ಯಾನಲ್‌ನ ಅಂಕಿ ಇಳಿಯುತ್ತದೆ.

ಹೀಗೆ ಬಂದ ಒಟ್ಟು ಹೊಗೆಯನ್ನು ಪ್ಯಾನಲ್ ಕೊಡುವ ಒಟ್ಟು ಯೂನಿಟ್‌ಗಳಿಂದ ಭಾಗಿಸುತ್ತಾರೆ. ಜರ್ಮನಿಯಲ್ಲಿ ಒಂದು ಕಿಲೋವಾಟ್ ಪ್ಯಾನಲ್ ವರ್ಷಕ್ಕೆ ಸುಮಾರು 1,000 ಯೂನಿಟ್ ಕೊಟ್ಟರೆ, ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ 1,500ಕ್ಕೂ ಜಾಸ್ತಿ. ಆಯುಷ್ಯ 25 ವರ್ಷ ಅಂತೀರೋ, 30 ಅಂತೀರೋ ಅನ್ನುವುದರ ಮೇಲೂ ಉತ್ತರ ಬದಲಾಗುತ್ತದೆ. ಈ ನಡುವೆ ಸಿಲಿಕಾನ್ ಬಿಲ್ಲೆಗಳು ತೆಳುವಾದವು. ವಜ್ರದ ಪುಡಿ ಹಚ್ಚಿದ ತಂತಿಯಿಂದ ಕೊಯ್ಯಲು ಶುರುವಾದ ಮೇಲೆ ಪುಡಿಯಾಗಿ ಹೋಗುವ ಸಿಲಿಕಾನೂ ಕಮ್ಮಿಯಾಯಿತು. ಒಳ್ಳೆ ಬಿಸಿಲಿರುವ ಕಡೆ ತನ್ನ ತಯಾರಿಗೆ ಹಿಡಿದ ಶಕ್ತಿಯನ್ನು ಪ್ಯಾನಲ್ ಈಗ ಸುಮಾರು ಒಂದು ವರ್ಷದಲ್ಲೇ ತೀರಿಸುತ್ತದೆ. 2021ರಲ್ಲಿ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಸೋಲಾರ್‌ಗೆ ಕೊಟ್ಟ ಅಂಕಿ ಯೂನಿಟ್‌ಗೆ 8ರಿಂದ 83 ಗ್ರಾಂ. ಹಳೆಯ 48ನ್ನೇ ಶಾಸನದ ಹಾಗೆ ಹಿಡಿದು ವಾದ ಮಾಡುವುದು ಸುಮ್ನೆ ಹಟ.

ಗ್ರಾಂ ಲೆಕ್ಕದಲ್ಲಿ ಪಾವಗಡದ ಸೋಲಾರ್ ಪಾರ್ಕಿಗೆ ಒಳ್ಳೆಯ ಅಂಕವೇ ಬಂದೀತು. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದ ಸೀಮೆಯಲ್ಲಿ ಜಮೀನಿದ್ದವರಿಗೆ ಅದು ದೊಡ್ಡ ಆಸರೆ. ಜಮೀನಿಲ್ಲದ ಕೂಲಿಯವರಿಗೆ, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಅಲ್ವಾ? ಗಣಿಯಿಂದ ಗುಜರಿವರೆಗಿನ ಈ ಅಧ್ಯಯನಗಳು ಭೂಮಿಯನ್ನು ಚದರ ಮೀಟರ್‌ನಲ್ಲಿ ಅಳೆಯುತ್ತವೆ. ಅಲ್ಲಿ ಯಾರ ಕುರಿ ಮೇಯುತ್ತಿತ್ತು ಅನ್ನುವ ಕಾಲಂ ಅವುಗಳಲ್ಲಿಲ್ಲ. ಪ್ಯಾನಲ್ ಮೇಲಿನ ದೂಳು ತೊಳೆಯುವ ನೀರಿನದೂ ಇದೇ ಕಥೆ. ಆಗುಂಬೆಯ ಒಂದು ಲೀಟರ್, ಪಾವಗಡದ ಒಂದು ಲೀಟರ್ ಬಹಳ ಕಾಲ ಒಂದೇ ಅಂತ ಎಣಿಕೆಯಾಗುತ್ತಿತ್ತು. ಊರಿನ ಬರವನ್ನೂ ಲೆಕ್ಕಕ್ಕೆ ಸೇರಿಸುವ ವಿಧಾನಗಳು ಬಳಕೆಗೆ ಬಂದಿದ್ದು ಇತ್ತೀಚೆಗೆ.

ಉಳಿದದ್ದು ಕಸ. ಪ್ಯಾನಲ್‌ನ ಅಲ್ಯೂಮಿನಿಯಂ ಚೌಕಟ್ಟನ್ನು ಗುಜರಿಯವರು ಖುಷಿಯಿಂದ ಒಯ್ಯುತ್ತಾರೆ. ಗಾಜು, ಸಿಲಿಕಾನ್, ಪ್ಲಾಸ್ಟಿಕ್ ಪದರ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬಿಡಿಸುವುದು ಕಷ್ಟ. ಯುರೋಪಿನಲ್ಲಿ 2012ರಲ್ಲೇ ಪ್ಯಾನಲ್‌ಗಳು ಇ-ತ್ಯಾಜ್ಯ ಕಾನೂನಿನೊಳಗೆ ಬಂದವು. ನಮ್ಮಲ್ಲಿ 2022ರ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ತಯಾರಕರು ಈ ತ್ಯಾಜ್ಯವನ್ನು 2034-35ರವರೆಗೆ ಕೂಡಿಡಬೇಕು. ಪಾವಗಡದ ಮೊದಲ ಪ್ಯಾನಲ್‌ಗಳು ಶುರುವಾಗಿದ್ದು 2018ರಲ್ಲಿ, ಅಂದರೆ ಅವುಗಳ ಸರದಿ 2040ರ ದಶಕದಲ್ಲಿ. ಇಷ್ಟು ದೊಡ್ಡ ಪಾರ್ಕನ್ನು ಪೂರ್ತಿ ಬಿಚ್ಚಿದ ಅನುಭವ ನಮ್ಮ ದೇಶಕ್ಕೆ ಇನ್ನೂ ಇಲ್ಲ. ಹಾಗಾಗಿ ಲೆಕ್ಕದ ಈ ಕೊನೆಯ ಸಾಲನ್ನು ಸದ್ಯಕ್ಕೆ ಅಂದಾಜಿನ ಮೇಲೇ ತುಂಬುತ್ತಿದ್ದಾರೆ.