‘ಮಣ್ಣು ಪರೀಕ್ಷೆ ಬೇಕಾ?’ ಅಂತ ಕೇಳಬೇಡಿ

ಬೇಸಿಗೆ ಹತ್ತಿರ ಬಂತೆಂದರೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. ಬಿ.ಎಸ್ಸಿ. ಅಗ್ರಿ ಮುಗಿಸಿ ಊರಿಗೆ ವಾಪಸ್ ಬಂದ ಹುಡುಗರು, ರೈತ ಉತ್ಪಾದಕ ಕಂಪನಿಯವರು, ಒಮ್ಮೊಮ್ಮೆ ಗೊಬ್ಬರದ ಅಂಗಡಿಯವರು. ‘ಸರ್, ನಮ್ಮ ಹೋಬಳಿಯಲ್ಲಿ ಒಂದು ಮಣ್ಣು ಪರೀಕ್ಷೆ ಲ್ಯಾಬ್ ಹಾಕೋಣ ಅಂತಿದ್ದೀವಿ. ನಡೆಯುತ್ತಾ?’ ನಾನು ಲ್ಯಾಬಿನೊಳಗೆ ಕೆಲಸ ಕಲಿತವನು. ಆಮೇಲೆ ಇಂಥವರ ಜೊತೆ ಕೂತು ಲೆಕ್ಕ ಹಾಕಿಕೊಡುವ ಕೆಲಸಕ್ಕೆ ಬಂದೆ. ಯಾವ ಯಂತ್ರ ತಗೊಳ್ಳಬೇಕು, ಸಬ್ಸಿಡಿ ಎಷ್ಟು ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಮಣ್ಣು ತಂದುಕೊಡುವವರು ಯಾರು ಅಂತ ಕೇಳುವವರು ಬಹಳ ಕಡಿಮೆ.

ಕೋಲಾರದ ಕಡೆಯ ಒಬ್ಬ ಹುಡುಗ ಅದನ್ನೂ ಮಾಡಿಕೊಂಡು ಬಂದಿದ್ದ. ಬೈಕಿನಲ್ಲಿ ಊರೂರು ಸುತ್ತಿ ಸರ್ವೆ ಮಾಡಿದ್ದ. ಪ್ರಶ್ನೆ ಒಂದೇ: ‘ಕಡಿಮೆ ಬೆಲೆಗೆ ಮಣ್ಣು ಪರೀಕ್ಷೆ ಸಿಕ್ಕರೆ ಮಾಡಿಸ್ತೀರಾ?’ ಹಾಳೆ ತುಂಬಾ ‘ಹೌದು’. ಅವನ ಮುಖದಲ್ಲಿ ಖುಷಿ. ನಾನು ಹೇಳಿದೆ, ಇದರಲ್ಲಿ ಒಂದೇ ಒಂದು ಊರಿಗೆ ವಾಪಸ್ ಹೋಗು, ‘ಸೋಮವಾರ ಬರ್ತೀನಿ, ಅರ್ಧ ಕೆಜಿ ಮಣ್ಣು, ನೂರು ರೂಪಾಯಿ ಅಡ್ವಾನ್ಸ್ ರೆಡಿ ಮಾಡಿಡಿ’ ಅಂತ ಹೇಳಿ ಬಾ. ಸೋಮವಾರ ಹೋದಾಗ ಮಣ್ಣು, ದುಡ್ಡು ಎರಡೂ ಇಟ್ಟುಕೊಂಡಿದ್ದವರು ನಾಲ್ಕು ಜನ. ನಾಲ್ವರೂ ಟೊಮೆಟೊ ಹಾಕುವವರು. ಅವನಿಗೆ ಬೇಜಾರಾಯಿತು. ಆದರೆ ನನಗೆ ಅವನ ಇಡೀ ಸರ್ವೆಗಿಂತ ಆ ನಾಲ್ಕು ಪೊಟ್ಟಣಗಳೇ ಜಾಸ್ತಿ ವಿಷಯ ಹೇಳಿದವು.

ಜನ ಸುಳ್ಳು ಹೇಳಿದರು ಅಂತಲ್ಲ. ಬಿಸಿಲಲ್ಲಿ ಮನೆ ಬಾಗಿಲಿಗೆ ಬಂದು, ಒಳ್ಳೆಯದನ್ನೇ ಕೇಳುತ್ತಿರುವ ಹುಡುಗನಿಗೆ ‘ಬೇಡ’ ಅನ್ನಲು ನಮ್ಮ ಹಳ್ಳಿಯವರಿಗೆ ಮನಸ್ಸು ಬರುವುದಿಲ್ಲ. ಕೈಯಲ್ಲಿ ಫೈಲ್ ಇದ್ದರೆ ಸರ್ಕಾರದ ಕಡೆಯವರಿರಬಹುದು, ಏನಾದರೂ ಯೋಜನೆ ಬರಬಹುದು ಅಂತಲೂ ಅನಿಸುತ್ತದೆ. ಅದಕ್ಕೇ ಮುಂದಿನದನ್ನು ಕೇಳಬೇಡಿ, ಹಿಂದಿನದನ್ನು ಕೇಳಿ. ಕೊನೆಯ ಸಲ ಮಣ್ಣು ಕೊಟ್ಟಿದ್ದು ಯಾವಾಗ? ರಿಪೋರ್ಟ್ ಎಲ್ಲಿಟ್ಟಿದ್ದೀರಿ, ತೋರಿಸ್ತೀರಾ? ಅದನ್ನು ನೋಡಿ ಯಾವ ಗೊಬ್ಬರ ಬಿಟ್ಟಿರಿ, ಯಾವುದು ಹೊಸದಾಗಿ ಹಾಕಿದಿರಿ? ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕ ಮನೆಯನ್ನು ಗುರುತು ಹಾಕಿಕೊಳ್ಳಿ. ನಿಮ್ಮ ನಿಜವಾದ ಗಿರಾಕಿ ಅಲ್ಲಿದ್ದಾರೆ.

ಬಹಳ ಮನೆಗಳಲ್ಲಿ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಇದ್ದೇ ಇರುತ್ತದೆ. 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾದ ಯೋಜನೆ ಅದು. ಕಾರ್ಡಿನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ರೈತನಿಗೆ ಬಿಟ್ಟಿ ಸಿಗುತ್ತದೆ. ಹಾಗಿದ್ದ ಮೇಲೆ ದುಡ್ಡು ಕೊಟ್ಟು ಯಾರು ಮಾಡಿಸುತ್ತಾರೆ ಅಂತ ನಿಮಗೆ ಅನಿಸಬಹುದು. ಆ ಯೋಜನೆಯ ಲೆಕ್ಕದಲ್ಲಿ ನೀರಾವರಿ ಜಮೀನಾದರೆ 2.5 ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತ ಆದರೆ 10 ಹೆಕ್ಟೇರಿಗೆ ಒಂದು. ನಮ್ಮ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ 2015-16ರ ಕೃಷಿ ಗಣತಿ ಪ್ರಕಾರ 1.08 ಹೆಕ್ಟೇರ್. ಶೇ 86ರಷ್ಟು ಹಿಡುವಳಿಗಳು 2 ಹೆಕ್ಟೇರಿಗಿಂತ ಚಿಕ್ಕವು. ಅಂದರೆ ಒಂದು ಮಾದರಿಯೊಳಗೆ ನೀರಾವರಿಯಲ್ಲೇ ಇಬ್ಬರು ಮೂವರ ಹೊಲ ಸೇರಿಕೊಂಡಿರುತ್ತದೆ, ಬೆದ್ದಲಿನಲ್ಲಿ ಇನ್ನೂ ಜಾಸ್ತಿ. ಇಡೀ ಪ್ರದೇಶದ ಮಣ್ಣಿನ ಚಿತ್ರ ಸಿಗಲು ಇದು ಸರಿಯಾದ ದಾರಿಯೇ. ಆದರೆ ಒಬ್ಬ ಅಜ್ಜ ನನಗೆ ಹೇಳಿದ್ದು ಕೇಳಿ: ‘ಮಣ್ಣು ತೆಗೆದಿದ್ದು ಪಕ್ಕದ ಹೊಲದಲ್ಲಿ ಸಾರ್, ಕಾರ್ಡ್ ನಮ್ಮನೆಗೂ ಬಂತು. ಅವನು ಕೆರೆ ಗೋಡು ಹೊಡೆಸಿದ್ದಾನೆ, ನಾನು ಹೊಡೆಸಿಲ್ಲ. ಎರಡೂ ಒಂದೇ ಹೆಂಗಾಗುತ್ತೆ?’ ‘ನನ್ನ ಹೊಲದ್ದೇ ಮಣ್ಣು’ ಅನ್ನುವ ನಂಬಿಕೆಗೆ ಜನ ದುಡ್ಡು ಕೊಡುತ್ತಾರೆ. ಮಾರುವುದಾದರೆ ಅದನ್ನು ಮಾರಬೇಕು.

ಬೆಲೆಯ ವಿಷಯಕ್ಕೆ ಬರುತ್ತೇನೆ. ಎಡವುವುದು ಹೆಚ್ಚಾಗಿ ಇಲ್ಲೇ. ‘ಪರೀಕ್ಷೆ ಮಾಡಿಸಿದರೆ ಗೊಬ್ಬರ ಉಳಿಯುತ್ತೆ’ ಅಂತ ಪ್ರಚಾರ ಮಾಡುತ್ತಾರೆ. 45 ಕೆಜಿ ಯೂರಿಯಾ ಮೂಟೆಗೆ ರೈತ ಕೊಡುವುದು 266 ರೂಪಾಯಿ 50 ಪೈಸೆ. ನೀವು ಒಂದು ಮಾದರಿಗೆ 300 ರೂಪಾಯಿ ಇಟ್ಟರೆ, ಎಕರೆ ರಾಗಿ ಹಾಕುವ ರೈತ ನಿಮಗೆ ಕೊಡುವ ದುಡ್ಡಿನಲ್ಲಿ ಒಂದು ಮೂಟೆ ಯೂರಿಯಾ ತಂದು ಚಿಲ್ಲರೆಯನ್ನೂ ವಾಪಸ್ ಇಸ್ಕೊಳ್ಳಬಹುದು. ನಿಮ್ಮ ರಿಪೋರ್ಟ್ ನೋಡಿ ಅರ್ಧ ಮೂಟೆ ಬಿಟ್ಟರೂ ಅವನಿಗೆ ಉಳಿಯುವುದು 133 ರೂಪಾಯಿ. ಅವನು ಬೇಡ ಅಂದರೆ ಅದು ಅಜ್ಞಾನ ಅಲ್ಲ, ಲೆಕ್ಕ. ‘ರೈತರಿಗೆ ತಿಳುವಳಿಕೆ ಇಲ್ಲ’ ಅಂತ ಯಾರಾದರೂ ವರದಿಯಲ್ಲಿ ಬರೆದರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಅದೇ ಊರಿನಲ್ಲಿ ಬೋರ್‌ವೆಲ್, ಡ್ರಿಪ್ಪು, ಮಲ್ಚಿಂಗ್ ಪೇಪರ್ ಹಾಕಿ ಟೊಮೆಟೊ ಬೆಳೆಯುವವರ ಲೆಕ್ಕವೇ ಬೇರೆ. ನಾರು (ಅಂದರೆ ಸಸಿ), ಕಡ್ಡಿ, ಕೂಲಿ, ಔಷಧಿ ಎಲ್ಲ ಸೇರಿ ಒಂದು ಎಕರೆಗೆ ಲಕ್ಷಕ್ಕೂ ಮೇಲೆ ಹೋಗುತ್ತದೆ. ನೀರಲ್ಲಿ ಕರಗುವ ಗೊಬ್ಬರದ ಒಂದೊಂದು ಚೀಲಕ್ಕೂ ಸಾವಿರಗಟ್ಟಲೆ. ರಂಜಕ ಜಾಸ್ತಿ ಇರುವ ಡಿ.ಎ.ಪಿ. ಗೊಬ್ಬರ 50 ಕೆಜಿಗೆ 1350 ರೂಪಾಯಿ. ವರ್ಷ ವರ್ಷ ಡಿ.ಎ.ಪಿ. ಸುರಿದ ತರಕಾರಿ ತೋಟಗಳಲ್ಲಿ ರಂಜಕ ಬೇಕಾದ್ದಕ್ಕಿಂತ ಜಾಸ್ತಿ ಕೂತಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ, ರೈತ ಮತ್ತೆ ಜಿಂಕ್ ಸ್ಪ್ರೇಗೆ ದುಡ್ಡು ಹಾಕುತ್ತಾನೆ. ಇಂಥ ತೋಟದಲ್ಲಿ 300 ರೂಪಾಯಿ ರಿಪೋರ್ಟ್ ಎರಡು ಮೂಟೆ ಡಿ.ಎ.ಪಿ. ಉಳಿಸಿದರೂ ದುಡ್ಡು ವಾಪಸ್ ಬಂದ ಹಾಗೆ. ಆ ನಾಲ್ವರೂ ಟೊಮೆಟೊ ರೈತರೇ ಆಗಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಒಂದು ಹೋಬಳಿಯ ಎಲ್ಲ ರೈತರನ್ನೂ ಒಂದೇ ಗುಂಪು ಮಾಡಿ ಎಣಿಸಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಇನ್ನೊಂದು ಮಾತು. ರೈತರು ಕೇಳುವ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಟೊಮೆಟೊ ಕಾಯಿಯ ಬುಡ ಕಪ್ಪಾಗಿ ಕೊಳೆಯುತ್ತದೆ ನೋಡಿ, ಅದು ಕ್ಯಾಲ್ಸಿಯಂ ಕಾಯಿಗೆ ತಲುಪದೆ ಆಗುವ ತೊಂದರೆ. ಆ 12ರ ಪಟ್ಟಿಯಲ್ಲಿ ಕ್ಯಾಲ್ಸಿಯಂ ಇಲ್ಲ. ಇದ್ದರೂ ಎಷ್ಟೋ ಸಲ ಮಣ್ಣಿನಲ್ಲಿ ಅದು ಬೇಕಾದಷ್ಟು ಇರುತ್ತದೆ, ನೀರು ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗುವುದೇ ಕಾರಣವಾಗಿರುತ್ತದೆ. ಇದನ್ನು ತೋಟದಲ್ಲಿ ನಿಂತು ಹೇಳುವವರು ಬೇಕು. ಹಾಗೆಯೇ ನೀರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾದ ಮೇಲೆ, ನಾನು ಮಣ್ಣಿನ ಬಗ್ಗೆ ಮಾತಾಡಲು ಹೋದ ಕಡೆ ಜನ ನೀರಿನ ಬಗ್ಗೆ ಕೇಳಿದರು. ‘ನಮ್ಮ ಬೋರ್ ನೀರು ಹೆಂಗಿದೆ, ಮಣ್ಣಿಗೆ ಏನಾದ್ರೂ ಆಗುತ್ತಾ, ಅದನ್ನ ನೋಡ್ತೀರಾ?’ ನೀರಿನ ಲವಣಾಂಶ, ರಸಸಾರ ನೋಡುವುದು ಸುಲಭ, ಖರ್ಚೂ ಕಡಿಮೆ. ಭಾರಲೋಹ ನೋಡಲು ದೊಡ್ಡ ಲ್ಯಾಬ್ ಬೇಕು, ಅದನ್ನು ನೇರವಾಗಿ ಹೇಳಿಬಿಡಬೇಕು. ಆದರೆ ಬೇಡಿಕೆ ಅಳೆಯಲು ಹೋದವರು ಈ ಪ್ರಶ್ನೆಗಳನ್ನು ಬರೆದುಕೊಳ್ಳದೆ ವಾಪಸ್ ಬರಬಾರದು. ರೈತ ತಾನಾಗಿ ಬಾಯಿಬಿಟ್ಟು ಕೇಳಿದ್ದೇ ನಿಜವಾದ ಬೇಡಿಕೆ.

ಈಗ ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಅಂತ ಇಟ್ಟುಕೊಳ್ಳಿ, ನಿಮ್ಮೂರಿನ ಅಂಕಿ ನೀವೇ ತುಂಬಿಕೊಳ್ಳಿ. 40 ಹಳ್ಳಿ, ಹಳ್ಳಿಗೆ 200 ಮನೆ, ಒಟ್ಟು 8000. ಅದರಲ್ಲಿ ನೀರಾವರಿ ತರಕಾರಿ, ಹಿಪ್ಪುನೇರಳೆ, ಹೂವು ಅಂತ ದುಡ್ಡಿನ ಬೆಳೆ ಹಾಕುವವರು ಕಾಲು ಭಾಗ ಅಂದರೆ 2000. ಅವರಲ್ಲಿ ಹತ್ತಕ್ಕೆ ಒಬ್ಬರು ದುಡ್ಡು ಕೊಡುತ್ತಾರೆ ಅಂದರೆ 200. ಒಂದು ಹೊಲವನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸುವ ಅಗತ್ಯ ಇಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಹಾಗಾಗಿ ವರ್ಷಕ್ಕೆ ನೂರು ಮಾದರಿ. 300ರಂತೆ 30,000 ರೂಪಾಯಿ. ಇದರಲ್ಲಿ ರಾಸಾಯನಿಕ, ಕರೆಂಟು, ಬಾಡಿಗೆ ಕಳೆಯಿರಿ. ಒಬ್ಬ ಸಹಾಯಕನ ಸಂಬಳಕ್ಕೂ ಸಾಲುವುದಿಲ್ಲ. ಅದೂ ಈ ನೂರರಲ್ಲಿ ಬಹುಪಾಲು ಮಾರ್ಚ್‌ನಿಂದ ಮೇ ಒಳಗೆ ಬರುತ್ತವೆ, ಹೊಲ ಖಾಲಿ ಇರುವಾಗ. ಉಳಿದ ತಿಂಗಳು ಯಂತ್ರ ಸುಮ್ನೆ ಕೂತಿರುತ್ತದೆ. 8000 ಮನೆ ಅಂತ ಕೇಳಿದಾಗ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಕೊನೆಯವರೆಗೂ ಭಾಗಿಸಿ ನೋಡಿ ಅನ್ನುವುದು.

ಹಾಗಂತ ಈ ಕೆಲಸವೇ ಬೇಡ ಅಂತ ನಾನು ಹೇಳುತ್ತಿಲ್ಲ. 2009ರಲ್ಲಿ ನಮ್ಮ ರಾಜ್ಯದಲ್ಲೇ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆಗೂಡಿ ಭೂಚೇತನ ಅನ್ನುವ ಯೋಜನೆ ಶುರುವಾಯಿತು. ಬೆದ್ದಲು ಹೊಲಗಳ ಮಣ್ಣು ನೋಡಿದಾಗ ಗಂಧಕ, ಸತು, ಬೋರಾನ್ ಕೊರತೆ ಊರೂರಲ್ಲೂ ಕಂಡಿತು. ಆದರೆ ಅಲ್ಲಿ ರೈತನ ಕೈಗೆ ಬರೀ ಕಾಗದ ಕೊಟ್ಟು ಬಿಡಲಿಲ್ಲ. ಗಂಧಕಕ್ಕೆ ಜಿಪ್ಸಂ, ಸತುವಿಗೆ ಜಿಂಕ್ ಸಲ್ಫೇಟ್, ಬೋರಾನ್‌ಗೆ ಬೋರಾಕ್ಸ್ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ದರಕ್ಕೆ ಸಿಕ್ಕವು, ಹೇಗೆ ಹಾಕಬೇಕು ಅಂತ ಹೇಳಲು ಊರಲ್ಲಿ ರೈತ ಅನುವುಗಾರರು ಇದ್ದರು. ರಾಗಿ, ಶೇಂಗಾ ಹಾಕುವವರೂ ಜಿಪ್ಸಂ ಒಯ್ದರು. ನಾನು ಇದನ್ನು ಪ್ರತಿ ಸಲವೂ ಹೇಳುತ್ತೇನೆ: ರಿಪೋರ್ಟಿನಲ್ಲಿ ಬೋರಾಕ್ಸ್ ಅಂತ ಬರೆದು, ಹತ್ತಿರದ ಅಂಗಡಿಯಲ್ಲಿ ಬೋರಾಕ್ಸ್ ಸಿಗದಿದ್ದರೆ ಆ ರಿಪೋರ್ಟಿಗೆ ಬೆಲೆ ಇಲ್ಲ. ಸರ್ವೆ ಮಾಡುವಾಗ ಅರ್ಧ ದಿನ ಗೊಬ್ಬರದ ಅಂಗಡಿಯ ಮುಂದೆ ಕೂತುಕೊಳ್ಳಿ. ಯಾರು ಏನು ಕೇಳಿ ಒಯ್ಯುತ್ತಾರೆ, ಯಾರು ಸಾಲದ ಬುಕ್ಕಿನಲ್ಲಿ ಬರೆಸುತ್ತಾರೆ ಅಂತ ನೋಡಿ. ಸಾಲ ಕೊಡುವ ಅಂಗಡಿಯವರೇ ಸಲಹೆಯನ್ನೂ ಬಿಟ್ಟಿ ಕೊಡುತ್ತಾರೆ. ನಿಮ್ಮ ರಿಪೋರ್ಟ್ ‘ಡಿ.ಎ.ಪಿ. ಬೇಡ’ ಅಂದರೂ ಸಾಲ ಬಾಕಿ ಇರುವ ರೈತ ಅವರ ಮಾತು ಮೀರುವುದು ಕಷ್ಟ. ಅಂಗಡಿಯವರನ್ನು ಬಿಟ್ಟು ಲೆಕ್ಕ ಹಾಕಬೇಡಿ.

ಬೆಲೆ ಪರೀಕ್ಷಿಸುವುದೂ ಹೀಗೇ, ಕೇಳಿ ಅಲ್ಲ, ಮಾರಿ. ಮೂರು ಊರು ಆರಿಸಿಕೊಳ್ಳಿ. ಒಂದರಲ್ಲಿ 100, ಇನ್ನೊಂದರಲ್ಲಿ 200, ಮತ್ತೊಂದರಲ್ಲಿ 300 ಇಟ್ಟು ನಿಜವಾಗಿ ದುಡ್ಡು ಇಸ್ಕೊಳ್ಳಿ. ನಾಲ್ಕನೇ ಊರಿನಲ್ಲಿ ಜಾಸ್ತಿ ಬೆಲೆ ಇಟ್ಟು ‘ಮಣ್ಣು ನಾವೇ ಬಂದು ತೆಗೆಯುತ್ತೇವೆ’ ಅನ್ನಿ. ನನ್ನ ಅನುಭವದಲ್ಲಿ ಈ ಕೊನೆಯದಕ್ಕೆ ಜನ ಹೆಚ್ಚು ಒಪ್ಪುತ್ತಾರೆ. ಮಣ್ಣು ತೆಗೆಯುವುದು ಸಣ್ಣ ಕೆಲಸ ಅಲ್ಲ: ಹೊಲದಲ್ಲಿ ಅಂಕುಡೊಂಕಾಗಿ ಎಂಟು ಹತ್ತು ಕಡೆ ವಿ ಆಕಾರದ ಗುಂಡಿ, 15 ಸೆಂಟಿಮೀಟರ್ ಆಳ, ಬದುವಿನ ಹತ್ತಿರ ಬೇಡ, ಮರದ ಕೆಳಗೆ ಬೇಡ, ತಿಪ್ಪೆ ಇದ್ದ ಜಾಗ ಬೇಡ, ಎಲ್ಲ ಕಲಸಿ ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆಜಿಗೆ ಇಳಿಸಿ ನೆರಳಲ್ಲಿ ಒಣಗಿಸಬೇಕು. ಮಾದರಿ ತಪ್ಪಿದರೆ ಎಂಥ ಯಂತ್ರ ಇದ್ದರೂ ಉತ್ತರ ತಪ್ಪೇ.

ಆಮೇಲೆ ದಿನ. ನಾಟಿಗೆ ಮುಂಚೆ ರಿಪೋರ್ಟ್ ಕೈಗೆ ಸಿಗಬೇಕು. ನಾಟಿಯಾದ ಮೇಲೆ ಬಂದರೆ ಅಡಿಗೊಬ್ಬರ ಆಗಲೇ ಬಿದ್ದಿರುತ್ತದೆ, ಆ ರೈತ ಮತ್ತೆ ಬರುವುದಿಲ್ಲ. ನಾನೇ ಜೊತೆಗಿದ್ದ ಒಂದು ಕೆಲಸದ ಮೊದಲ ವರ್ಷ ರಿಪೋರ್ಟುಗಳು ಮೂರು ವಾರ ತಡವಾದವು. ಒಬ್ಬ ಅಕ್ಕ ದುಡ್ಡು ವಾಪಸ್ ಕೇಳಲಿಲ್ಲ, ಬೈಯಲೂ ಇಲ್ಲ, ಕಾಗದವನ್ನು ಮಡಚಿ ಸೂರಿಗೆ ಸಿಕ್ಕಿಸಿದರು. ಅದು ಈಗಲೂ ನನಗೆ ನೋವು ಕೊಡುತ್ತದೆ.

ಕೋಲಾರದ ಆ ಹುಡುಗ ಲ್ಯಾಬ್ ಹಾಕಲಿಲ್ಲ, ಇನ್ನೂ. 5 ಲಕ್ಷದ ಘಟಕಕ್ಕೆ ಶೇ 75 ಸಹಾಯಧನ ಅಂತ ಯೋಜನೆ ಇತ್ತು, ಅವನ ಮನೆಯಲ್ಲೂ ಹಾಕು ಅಂದರು. ನಾನು ಒಂದು ಸೀಸನ್ ತಡೆ ಅಂದೆ. ಈಗ ಅವನು ಎರಡು ನರ್ಸರಿಗಳ ಜೊತೆ ಮಾತಾಡಿಕೊಂಡಿದ್ದಾನೆ. ಟೊಮೆಟೊ ನಾರಿಗೆ ಬುಕಿಂಗ್ ಆದ ದಿನವೇ ನರ್ಸರಿಯವರು ರೈತರ ನಂಬರ್ ಕೊಡುತ್ತಾರೆ. ಸಸಿ ತಯಾರಾಗಲು ಸುಮಾರು 25 ದಿನ ಬೇಕು. ಅಷ್ಟರೊಳಗೆ ಇವನು ಹೊಲಕ್ಕೆ ಹೋಗಿ ಮಣ್ಣು ತೆಗೆದು, ಈಗಾಗಲೇ ಇರುವ ಲ್ಯಾಬ್‌ಗೆ ಕೊಟ್ಟು, ರಿಪೋರ್ಟನ್ನು ‘ಇಷ್ಟು ಮೂಟೆ ಇದು, ಅದು ಬೇಡ’ ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ನಾರಿನ ಜೊತೆಗೇ ತಲುಪಿಸುತ್ತಾನೆ. ಬೋರ್ ನೀರನ್ನೂ ಒಂದು ಬಾಟಲಿಯಲ್ಲಿ ತಗೊಳ್ಳುತ್ತಾನೆ. ದುಡ್ಡು ನಾರಿನ ಬಿಲ್ಲಿನಲ್ಲೇ ಸೇರಿರುತ್ತದೆ. ಮೊನ್ನೆ ಫೋನ್ ಮಾಡಿದ್ದ. ಹೋದ ಸಲ ಚೀಟಿ ತಗೊಂಡ ಒಬ್ಬ ರೈತ ತಾನಾಗಿ ಕರೆದು, ‘ನಮ್ಮ ಭಾಮೈದನ ತೋಟಕ್ಕೂ ಒಂದ್ಸಲ ಬಂದು ಹೋಗಪ್ಪ’ ಅಂದರಂತೆ.