ಟಿವಿ ಮ್ಯಾಲೆ ಕರಿ ಪಟ್ಟಿ ಕಂಡ್ರ ಜೂಮ್ ಒತ್ತಬ್ಯಾಡ್ರಿ

ಹೊಸ ಟಿವಿ ಗ್ವಾಡಿಗೆ ಕೂಡಿಸಿ ವೈರೆಲ್ಲಾ ಹೊಂದಿಸಿ ಬಂದ ಮ್ಯಾಲೆ ಒಂದೆರಡು ದಿನಕ್ಕ ಫೋನ್ ಬಂತಂದ್ರ ಬಹಳ ಸಲ ಮಾತು ಇದ ಇರ್ತೈತಿ. ಸಿನಿಮಾ ಹಾಕಿದ್ರ ಮ್ಯಾಲೆ ಕೆಳಗ ಕರಿ ಪಟ್ಟಿ ಬರ್ತಾವ, ಸ್ಕ್ರೀನ್ ಪೂರ್ತಿ ಯಾಕ ತುಂಬವಲ್ದು, ಟಿವಿ ಬದಲಿ ಮಾಡಿಸಿ ಕೊಡ್ತೀರೇನು ಅಂತ. ಬಳ್ಳಾರಿ ಕೌಲ್ ಬಜಾರಿನವ್ರೂ ಕೇಳ್ತಾರ, ಸಿಂಧನೂರಿನವ್ರೂ ಕೇಳ್ತಾರ. ಅವ್ರ ಸಿಟ್ಟು ನನಗ ಅರ್ಥ ಆಗ್ತೈತಿ, 55 ಇಂಚಿಗೆ ಅಂತ ರೊಕ್ಕ ಎಣಿಸಿ ಕೊಟ್ಟಿರ್ತಾರ, ಅದ್ರಾಗ ಹತ್ರ ಹತ್ರ ಕಾಲು ಭಾಗ ಕರಿ ಕಂಡ್ರ ಯಾರಿಗಾದ್ರೂ ಹೊಟ್ಟಿ ಉರೀತೈತಿ. ಆದ್ರ ಟಿವಿ ಕೆಟ್ಟಿಲ್ರಿ, ಸಿನಿಮಾನೂ ಕಡಿಮಿ ಆಗಿಲ್ಲ. ಖರೇ ಅಂದ್ರ ಆ ಪಟ್ಟಿ ಇದ್ದಾಗ್ಲೇ ನಿಮಗ ಪೂರ್ತಿ ಸಿನಿಮಾ ಕಾಣ್ತಿರ್ತೈತಿ.

ಲೆಕ್ಕ ಇಷ್ಟ. ಈಗಿನ ಟಿವಿ ಎಲ್ಲಾ 16:9, ಅಂದ್ರ ಎತ್ತರದ 1.78 ಪಟ್ಟು ಅಗಲ. ನಮ್ಮ ಕನ್ನಡ, ತೆಲುಗು ದೊಡ್ಡ ಸಿನಿಮಾ ಬಹಳಷ್ಟು ಸ್ಕೋಪಿನಾಗ ಇರ್ತಾವ, ಅಂದ್ರ ಎತ್ತರದ 2.39 ಪಟ್ಟು ಅಗಲ. 55 ಇಂಚಿನ ಟಿವಿಗೆ ಟೇಪ್ ಹಿಡದು ಅಳತಿ ಮಾಡಿದ್ರ ಅಗಲ ಹತ್ರ ಹತ್ರ 48 ಇಂಚು, ಎತ್ತರ 27 ಇಂಚು ಬರ್ತೈತಿ. ಅಗಲ ಪೂರ್ತಿ ತುಂಬಂಗ ಸ್ಕೋಪ್ ಚಿತ್ರ ಕೂಡಿಸಿದ್ರ ಅದ್ರ ಎತ್ತರ 20 ಇಂಚು ಆಗ್ತೈತಿ. ಉಳದ 7 ಇಂಚಿಗೆ ಏನೂ ಇಲ್ಲ, ಮ್ಯಾಲೆ ಮೂರೂವರಿ ಕೆಳಗ ಮೂರೂವರಿ. ಗುಂಡನ ಜ್ವಾಳದ ರೊಟ್ಟಿ ಚೌಕ ಡಬ್ಬ್ಯಾಗ ಇಟ್ರ ಮೂಲ್ಯಾಗ ಜಾಗ ಉಳೀತೈತಿ, ಅದಕ್ಕಂತ ಯಾರೂ ರೊಟ್ಟಿ ಜಗ್ಗಿ ಚೌಕ ಮಾಡಂಗಿಲ್ಲ.

ಇನ್ನ ಸಿನಿಮಾ ಯಾಕ ಇಷ್ಟು ಅಗಲ ಆತು ಅಂತ ಕೇಳಿದ್ರ ಅದ್ರಾಗ ಟಿವಿದೂ ಕೈ ಐತಿ. ಮೊದಲ ಸಿನಿಮಾ ಹತ್ರ ಹತ್ರ ಚೌಕ, 4:3, ಆಮ್ಯಾಲೆ 1932ರಾಗ ಹಾಲಿವುಡ್ಡಿನವ್ರು 1.37 ಅಂತ ಗಟ್ಟಿ ಮಾಡಿದ್ರು. ಟಿವಿ ಬಂದಾಗ ಅದೂ ಆ ಆಕಾರನ ಎತ್ತಿಕೊಂಡ್ತು. ಅಮೆರಿಕದಾಗ ಜನ ಮನ್ಯಾಗ ಕುಂತು ಟಿವಿ ನೋಡಾಕ ಶುರು ಮಾಡಿದ್ರು, ಥೇಟರ್ ಖಾಲಿ ಬೀಳಾಕ ಹತ್ತಿದ್ವು, ಮನ್ಯಾಗ ಸಿಗಲಾರದ್ದು ಏನರ ತೋರಸಬೇಕಲ್ಲ ಅಂತ 1953ರಾಗ ಸಿನಿಮಾಸ್ಕೋಪ್ ತಂದ್ರು. ನಮ್ಮ ದೇಶಕ್ಕ ಅದು 1959ರಾಗ ಗುರುದತ್ ಅವ್ರ 'ಕಾಗಜ್ ಕೆ ಫೂಲ್' ಸಿನಿಮಾದಾಗ ಬಂತು, ಅದಕ್ಕ ಕ್ಯಾಮೆರಾ ಹಿಡದವ್ರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ, ಮುಂದ ಫಾಲ್ಕೆ ಪ್ರಶಸ್ತಿ ತಗೊಂಡ ಮೊದಲನೇ ಕ್ಯಾಮೆರಾಮನ್ ಅವ್ರ. ಕನ್ನಡಕ್ಕ ಸ್ಕೋಪ್ ಬಂದಿದ್ದು 1977ರಾಗ, 'ಸೊಸೆ ತಂದ ಸೌಭಾಗ್ಯ'. ಈ ಇಸವಿ ನೆನಪಿಟ್ಕೊಳ್ರಿ, ಮುಂದ ಕೆಲಸಕ್ಕ ಬರ್ತೈತಿ.

ಸ್ಕೋಪ್ ಹೆಂಗ ಕೆಲಸ ಮಾಡ್ತಿತ್ತು ಅಂತ ನಾನು ಟಾಕೀಸಿನ ಕ್ಯಾಬಿನ್ನಿನಾಗ ಅಸಿಸ್ಟೆಂಟ್ ಇದ್ದಾಗ ಕಣ್ಣಿಲೆ ಕಂಡೀನಿ. ರೀಲ್ ಕೈಯಾಗ ಹಿಡದು ಬೆಳಕಿಗೆ ನೋಡಿದ್ರ ಹೀರೋ ಉದ್ದಕ್ಕ ಬಡಕಲಾಗಿ ಕಾಣ್ತಿದ್ದ, ಯಾಕಂದ್ರ ಶೂಟ್ ಮಾಡುವಾಗ ಲೆನ್ಸ್ ಚಿತ್ರನ ಅಡ್ಡಕ್ಕ ಅರ್ಧಕ್ಕರ್ಧ ಒತ್ತಿ ಫಿಲ್ಮಿನಾಗ ಕೂಡಿಸಿರ್ತಿತ್ತು, ಪ್ರೊಜೆಕ್ಟರಿಗೆ ಸ್ಕೋಪ್ ಲೆನ್ಸ್ ಹಾಕಿದಾಗ ಮತ್ತ ಎರಡು ಪಟ್ಟು ಅಗಲಕ್ಕ ಬಿಚ್ಚಿಕೊಳ್ತಿತ್ತು. ಜಾಹೀರಾತು, ನ್ಯೂಸ್ ರೀಲ್ ಸಾದಾ ಲೆನ್ಸಿಗೆ ಓಡ್ತಿದ್ವು, ಸಿನಿಮಾ ಶುರು ಆಗೂದ್ರಾಗ ಲೆನ್ಸ್ ಬದಲಿ ಮಾಡ್ಬೇಕು, ಮಾಡೂದು ತಡ ಆದ್ರ ತೆರಿ ಮ್ಯಾಲೆ ಎಲ್ಲಾರೂ ಕಡ್ಡಿಯಂಗ ಕಂಡು ಕೆಳಗಿಂದ ಸಿಳ್ಳಿ ಬೀಳ್ತಿದ್ವು. ಆ ಹೊತ್ತಿಗೆ ತೆರಿ ಎರಡೂ ಬಾಜೂ ಇದ್ದ ಕರಿ ಅರಬಿ ಸರದು ತೆರಿ ಅಗಲ ಆಗ್ತಿತ್ತು. ಥೇಟರಿನಾಗ ನಿಮಗ ಕರಿ ಪಟ್ಟಿ ಕಾಣದ ಇರೂದು ಆ ಅರಬಿ ಸಲುವಾಗಿನ, ಚಿತ್ರ ಎಲ್ಲಿಗೆ ಮುಗೀತೈತಿ ಅಲ್ಲಿಗೇ ತೆರಿ ಮುಗದಂಗ ಅದು ಮುಚ್ಚಿರ್ತೈತಿ. ಮನಿ ಟಿವಿಗೆ ಅಂಥ ಅರಬಿ ಇಲ್ಲ, ಅದಕ್ಕ ಖಾಲಿ ಜಾಗ ಕಾಣ್ತೈತಿ.

ಹಂಗಾದ್ರ ಟಿವಿನ 2.39ಕ್ಕ ಮಾಡಬಹುದಿತ್ತಲ್ಲ ಅಂತ ಕೆಲವ್ರು ಕೇಳ್ತಾರ, ಒಳ್ಳೆ ಪ್ರಶ್ನೆ. ಹಂಗ ಮಾಡಿದ್ರ ಹಳೇ ಸಿನಿಮಾ, ಹಳೇ ಸೀರಿಯಲ್ ನಡುವ ಪುಟ್ಟಗ ಕುಂತುಬಿಡ್ತಾವ. 1980ರ ದಶಕದಾಗ ಕರ್ನ್ಸ್ ಪವರ್ಸ್ ಅನ್ನೋ ಅಮೆರಿಕದ ಎಂಜಿನಿಯರ್ ಆಗ ಚಾಲ್ತಿಯಾಗಿದ್ದ ಎಲ್ಲಾ ಆಕಾರ ಒಂದರ ಮ್ಯಾಲೆ ಒಂದು ಇಟ್ಟು ನೋಡಿ, ಯಾವುದಕ್ಕೂ ಬಹಳ ಅನ್ಯಾಯ ಆಗಲಾರದ್ದು 1.77ರ ಹತ್ರ ಐತಿ ಅಂತ ತೋರಿಸಿದ್ರು. 16:9 ಬಂದದ್ದು ಹಿಂಗ. ಅಂದ್ರ ಸ್ಕೋಪಿಗೆ ಮ್ಯಾಲೆ ಕೆಳಗ ಪಟ್ಟಿ, ಹಳೇದಕ್ಕ ಎಡಕ್ಕ ಬಲಕ್ಕ ಪಟ್ಟಿ, ಎರಡೂ ಕಡೆ ತುಸು ತುಸು ಬಿಟ್ಟುಕೊಡೂದು ಮೊದಲಿಂದನ ಲೆಕ್ಕದಾಗ ಇತ್ತು.

ಈಗ ಜೂಮ್ ಮಾತಿಗೆ ಬರೂಣು. ಕೊಪ್ಪಳದ ಭಾಗ್ಯನಗರದಾಗ ಒಬ್ಬ ರಿಟೈರ್ಡ್ ಮಾಸ್ತರ್ ಮನಿಗೆ ಹೋಗಿದ್ದೆ, ಅವ್ರ ಮಗ ಜೂಮ್ ಹಾಕಿ ಪಟ್ಟಿ ತಗದು ಈಗ ಚಲೋ ಆತು ನೋಡ್ರಿ ಅಂದ. ನಾನು ಇಬ್ರು ಎದುರಾ ಬದುರಾ ನಿಂತು ಮಾತಾಡೋ ಒಂದು ಸೀನಿನಾಗ ನಿಲ್ಲಿಸಿದೆ. ಎಡಕ್ಕ ಹೀರೋನ ಕಿವಿ, ಕೆನ್ನಿ ಹೋಗಿ ಮೂಗಷ್ಟ ಉಳದಿತ್ತು, ಬಲಕ್ಕ ಇದ್ದ ಹೆಣ್ಮಗಳು ಅರ್ಧ ಇದ್ಲು. ಜೂಮ್ ತಗದೆ, ಇಬ್ರದೂ ಪೂರ್ತಿ ಮುಖ, ಹೀರೋನ ಹಿಂದ ಬಾಗಿಲದಾಗ ನಿಂತು ಕದ್ದು ಕೇಳಾಕ ಹತ್ತಿದ್ದ ಮೂರನೇದಾವ ಆಗ ಕಂಡ. ಮಾಸ್ತರು "ಅಲ್ಲೋ ತಮ್ಮಾ, ಕಥಿ ಇರೂದ ಅವನ ಮ್ಯಾಲೆ" ಅಂದ್ರು. ಸ್ಕೋಪ್ ಸಿನಿಮಾಕ್ಕ ಪೂರ್ತಿ ಜೂಮ್ ಹಾಕಿದ್ರ ಚಿತ್ರದ ಕಾಲು ಭಾಗ ಬಾಜೂಕ್ಕ ಹೊರಗ ಹೋಗ್ತೈತಿ. ಕರಿ ಪಟ್ಟ್ಯಾಗ ನೀವು ಕಳಕೊಳ್ಳೂದು ಏನೂ ಇಲ್ಲ, ಜೂಮಿನಾಗ ಕಳಕೊಳ್ಳೂದು ಡೈರೆಕ್ಟರ್, ಕ್ಯಾಮೆರಾಮನ್ ಕುಂತು ಯೋಚನಿ ಮಾಡಿ ಇಟ್ಟದ್ದು.

ಜೂಮ್‌ಗಿಂತ ಕೆಟ್ಟದ್ದು ಸ್ಟ್ರೆಚ್, ಅದು ಹಳೇ ಸಿನಿಮಾಕ್ಕ ಆಗ್ತೈತಿ. 1977ರ ಹಿಂದಿನ ಕನ್ನಡ ಸಿನಿಮಾ ಅಂದ್ರ ಚೌಕಕ್ಕ ಹತ್ರದ ಆಕಾರ, 55 ಇಂಚಿನ ಟಿವ್ಯಾಗ ಎಡಕ್ಕ ಬಲಕ್ಕ ಹತ್ರ ಹತ್ರ ಆರಾರು ಇಂಚು ಕರಿ ಬರಬೇಕು. ಅದನ್ನ ಅಗಲಕ್ಕ ಜಗ್ಗಿ ತುಂಬಿಸಿದ್ರ ಅಣ್ಣಾವ್ರ ಮುಖ ಅಗಲ ಆಗಿ, ಕುದುರಿ ಗಿಡ್ಡ ಆಗಿ, ಹುಣ್ಣಿಮಿ ಚಂದ್ರ ಮೊಟ್ಟಿಯಂಗ ಆಗಿ ಕಾಣ್ತೈತಿ, ಇದನ್ನ ನೋಡಿದ್ರ ನನಗ ಭಾಳ ಸಂಕಟ ಆಗ್ತೈತಿ, ಅಂಥಾ ಮುಖ ಹಂಗ ನೋಡ್ಬಾರದು. ಚಾನೆಲ್‌ನವ್ರು, ಇಂಟರ್ನೆಟ್ಟಿಗೆ ಹಾಕೋರು ಕೆಲವು ಸಲ ತಾವ ಜಗ್ಗಿ ಇಲ್ಲಾ ತಲಿ ಕಾಲು ಕತ್ತರಿಸಿ ಹಾಕಿರ್ತಾರ, ಕತ್ತರಿಸಿದ್ದಕ್ಕ ನಿಮ್ಮ ರಿಮೋಟಿನಾಗ ಔಷಧ ಇಲ್ಲ. ಜಗ್ಗಿದ್ದಾದ್ರ 4:3 ಹಾಕಿ ನೋಡ್ರಿ, ಸರಿ ಹೋಗಬಹುದು. ಪರೀಕ್ಷಾ ಸುಲಭ ಐತಿ, ಚಿತ್ರದಾಗ ಗುಂಡನ ವಸ್ತು ಹುಡುಕ್ರಿ, ಬಸ್ಸಿನ ಗಾಲಿ, ಹಣಿ ಮ್ಯಾಲಿನ ಕುಂಕುಮ, ಗ್ವಾಡಿ ಗಡಿಯಾರ. ಎದುರಿಂದ ತೋರಿಸಿದಾಗ ಅದು ಗುಂಡಗ ಇದ್ರ ಸೆಟ್ಟಿಂಗ್ ಸರಿ ಐತಿ.

ಖರೇ ತಪ್ಪು ಇರೋ ಕರಿ ಪಟ್ಟಿನೂ ಒಂದು ಐತಿ, ನಾಕೂ ಕಡೆ ಕರಿ ಬಂದು ಸಿನಿಮಾ ನಡುವ ಅಂಚೆ ಚೀಟಿಯಷ್ಟ ಕಾಣೂದು. ನಮ್ಮ ಕಡೆ ಇದು ಬಹಳ, ಯಾಕಂದ್ರ ದೊಡ್ಡ ಟಿವಿ ತಂದಿರ್ತಾರ, ಆದ್ರ ಕೇಬಲ್ ಬಾಕ್ಸಿನಿಂದ ಹಳೇ ಕೆಂಪು-ಬಿಳಿ-ಹಳದಿ ವೈರ್ ಹಂಗ ಉಳದಿರ್ತೈತಿ, ಬಾಕ್ಸ್ 4:3 ಅಂತ ತಿಳದು ಚಿತ್ರ ಕಳಸ್ತೈತಿ, ಟಿವಿ ಅದಕ್ಕ ಮತ್ತ ಬಾಜೂ ಪಟ್ಟಿ ಸೇರಸ್ತೈತಿ. ಬಾಕ್ಸಿಗೆ ಎಚ್‌ಡಿಎಂಐ ಇದ್ರ ಆ ವೈರ್ ಹಾಕ್ರಿ, ಬಾಕ್ಸಿನ ಸೆಟ್ಟಿಂಗಿನಾಗ 16:9 ಮಾಡ್ರಿ, ಆಮ್ಯಾಲೆ ಟಿವ್ಯಾಗ ಪಿಕ್ಚರ್ ಸೈಜ್ ಇಲ್ಲಾ ಆಸ್ಪೆಕ್ಟ್ ರೇಷಿಯೋ ಅಂತ ಇರೋ ಕಡೆ 16:9 ಇಲ್ಲಾ ಒರಿಜಿನಲ್ ಇಡ್ರಿ. ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಅಂತ ಇದ್ರ ಅದನ್ನೂ ಆನ್ ಮಾಡ್ರಿ. ಇಲ್ದಿದ್ರ ಹಳೇ ಡಬ್ಬಾ ಟಿವಿ ಕಾಲದ ರೂಢಿಯಂಗ ಅಂಚಿನ ತುಸು ಭಾಗ ಟಿವಿ ತಾನ ನುಂಗ್ತೈತಿ, ನ್ಯೂಸ್ ಕೆಳಗ ಓಡೋ ಅಕ್ಷರ ಕಟ್ ಆಗೂದು ಇದಕ್ಕ.

ವೆಬ್ ಸೀರೀಸಿನಾಗ ಬರೋ ಸಣ್ಣ ಪಟ್ಟಿಗೆ ಹೆದರಬ್ಯಾಡ್ರಿ, ಅವು ಬಹಳಷ್ಟು 2:1ರಾಗ ಇರ್ತಾವ. 'ದಿ ಡಾರ್ಕ್ ನೈಟ್' ಥರದ ಸಿನಿಮಾದ ಬ್ಲೂ-ರೇ ಹಾಕಿದ್ರ ನಡುವನ ಪಟ್ಟಿ ಮಾಯ ಆಗಿ ಮತ್ತ ಬರ್ತೈತಿ, ಐಮ್ಯಾಕ್ಸ್ ಕ್ಯಾಮೆರಾದಾಗ ತಗದ ಸೀನ್ ಎತ್ತರಕ್ಕ ಇರ್ತಾವ ಅಂತ, ಟಿವಿ ಕೆಟ್ಟು ಅಲ್ಲ.

ಸಾದಾ ಎಲ್ಇಡಿ ಟಿವ್ಯಾಗ ಪಟ್ಟಿ ಕರ್ರಗ ಇರದ ಬೂದಿ ಬಣ್ಣಕ್ಕ ಕಾಣ್ತಾವ, ಹಿಂದಿನ ಲೈಟ್ ಉರೀತಾನ ಇರ್ತೈತಲ್ಲ. ಬ್ಯಾಸಗಿ ಮಧ್ಯಾಹ್ನ ಬಳ್ಳಾರಿ ಬಿಸಲಿಗೆ ಕಿಟಕಿ ಬಾಗಿಲಾ ಹಾಕಿ ಕತ್ತಲಿ ಮಾಡಿ ಕುಂತಾಗ ಇದು ಭಾಳ ಎದ್ದು ಕಾಣ್ತೈತಿ, ವಿವಿಡ್ ಮೋಡ್ ತಗದು ಸಿನಿಮಾ ಮೋಡ್ ಹಾಕಿ ಬ್ಯಾಕ್‌ಲೈಟ್ ಇಳಸ್ರಿ, ಟಿವಿ ಹಿಂದ ಒಂದು ಸಣ್ಣ ಬಲ್ಬ್ ಇಟ್ರ ಇನ್ನೂ ಚಲೋ. ಮತ್ತ ಟಿವಿ ಕೊಳ್ಳೂಕಿಂತ ಮೊದಲ ಒಂದು ಲೆಕ್ಕ ಹಾಕ್ರಿ, 55 ಇಂಚಿನ ಮ್ಯಾಲೆ ಸ್ಕೋಪ್ ಸಿನಿಮಾದ ಎತ್ತರ 43 ಇಂಚಿನ ಟಿವಿ ಎತ್ತರಕ್ಕಿಂತ ತುಸು ಕಡಿಮಿ. ಮನ್ಯಾಗ ಸಿನಿಮಾನ ಜಾಸ್ತಿ ಅನ್ನೋರು 65ಕ್ಕ ಹೋಗ್ರಿ, ಅಷ್ಟು ರೊಕ್ಕ ಇಲ್ಲಂದ್ರ ಕುರ್ಚಿ ಎರಡು ಫುಟ್ ಮುಂದಕ್ಕ ಎಳಕೊಳ್ರಿ, ಬಹಳ ಮನ್ಯಾಗ ಟಿವಿಯಿಂದ ಹತ್ತು ಹನ್ನೆರಡು ಫುಟ್ ದೂರ ಕುಂತಿರ್ತಾರ. ಪ್ರೊಜೆಕ್ಟರ್ ಇದ್ದೋರು ಅರಬಿ ಅಂಗಡ್ಯಾಗ ಕರಿ ಮಖಮಲ್ಲು ತಗೊಂಡು ತೆರಿ ಅಗಲದಷ್ಟು ಎರಡು ಪಟ್ಟಿ ಹೊಲಿಸಿ ಮ್ಯಾಲೊಂದು ಕೆಳಗೊಂದು ಸಿಗಿಸ್ರಿ, ಹೊಳೆಯೋ ಸ್ಯಾಟಿನ್ ಬ್ಯಾಡ, ಅದು ಬೆಳಕು ವಾಪಸ್ ಹೊಡೀತೈತಿ.